ಅಕ್ಕನ ಐಸ್‌ಕ್ರೀಮು ಕರಗಲಿಲ್ಲ

"ಇದೇನ್ಲೇ ಇದು?" ಅಂದಳು ಅಕ್ಕ.

ಹೊತ್ತು ತಂದ ಕಬ್ಬಿಣದ ಡಬ್ಬವನ್ನು ನಾನು ಆಗಷ್ಟೇ ಅಡುಗೆಮನೆ ಕಟ್ಟೆಯ ಮೇಲೆ ಇಳಿಸಿದ್ದೆ. ಅದರ ಪಕ್ಕ ಒಂದು ಪ್ಲಾಸ್ಟಿಕ್ ಬಕೆಟ್ಟು. ಒಲೆಯ ಮೇಲೆ ಎಮ್ಮೆ ಹಾಲು ಕುದಿಯುತ್ತಿತ್ತು. ಅವ್ವ ಸೌಟು ತಿರುಗಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದಳು.

"ಸ್ಟೆಬಿಲೈಸರ್ರು. ನೀನೇ ಹೇಳಿದ್ಯಲ್ಲ."

"ಈ ಬಕೆಟ್ಟು?"

"ಎಮಲ್ಷನ್ನು. ಯಾವ ಬಣ್ಣ ಅಂತ ನೀನು ಹೇಳ್ಲಿಲ್ಲ. ಬಿಳೀದು ತಂದೆ."

ಅಕ್ಕ ಹಣೆ ಮೇಲೆ ಕೈ ಇಟ್ಟುಕೊಂಡು ಹಾಗೇ ನೆಲಕ್ಕೆ ಕುಳಿತಳು. ಮೊದಲು ನಕ್ಕಿದ್ದು ಅವ್ವ.

"ನಿನ್ ತಮ್ಮ ಹಾಲಿಗೆ ಸುಣ್ಣ ಹೊಡ್ಯಕ್ಕೆ ತಂದವ್ನೆ ಕಣೇ!"

ಆಮೇಲೆ ಅಕ್ಕನಿಗೂ ನಗು ತಡೆಯಲಾಗಲಿಲ್ಲ. ಹಾಲು ಉಕ್ಕಿ ಒಲೆ ಮೇಲೆ ಚೆಲ್ಲಿತು. ಆಗಲೂ ಇಬ್ಬರೂ ನಗುತ್ತಲೇ ಇದ್ದರು. ನನಗೆ ಏನಾಯಿತು ಅಂತಲೇ ಗೊತ್ತಿರಲಿಲ್ಲ. ಕಿವಿ ಮಾತ್ರ ಬಿಸಿಯಾಗಿತ್ತು.

ನಾನು ಲಗೇಜ್ ಆಟೋ ಓಡಿಸುತ್ತೇನೆ. ನಮ್ಮದು ಅಜ್ಜಂಪುರ. ತೆಂಗಿನಕಾಯಿ ಲೋಡು ಕಡೂರಿಗೆ ಹೊಡೆಯುವುದು ನನ್ನ ಕೆಲಸ. ಆವತ್ತು ಕಾಯಿ ಇಳಿಸುತ್ತಿದ್ದಾಗ ಅಕ್ಕನ ಫೋನು ಬಂತು. ಗಲಾಟೆಯಲ್ಲಿ ಸರಿಯಾಗಿ ಕೇಳಿಸಲಿಲ್ಲ. "ಸ್ಟೆಬಿಲೈಸರ್ರು, ಎಮಲ್ಸಿಫೈಯರ್ರು, ಎರಡೂ ತಗಂಬಾ" ಅಂದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸ್ಟೆಬಿಲೈಸರ್ ಅಂದರೆ ಫ್ರಿಜ್ಜಿಗೆ, ಟಿವಿಗೆ ಹಾಕುವ ಕರೆಂಟಿನ ಡಬ್ಬ. ನಮ್ಮ ಕಡೆ ವೋಲ್ಟೇಜು ಏರಿಳಿಯುತ್ತಲೇ ಇರುತ್ತೆ, ಹಾಗಾಗಿ ಆ ಡಬ್ಬ ಇಲ್ಲದ ಮನೆ ಕಡಿಮೆ. ಎರಡನೇದು ನನ್ನ ಕಿವಿಗೆ ಎಮಲ್ಷನ್ ಅಂತ ಬಿತ್ತು, ಅಂದರೆ ಗೋಡೆಗೆ ಹೊಡೆಯುವ ಬಣ್ಣ. ಎರಡೂ ಒಂದೇ ಅಂಗಡಿಯಲ್ಲಿ ಸಿಕ್ಕಿಬಿಟ್ಟವು. ಅಂಗಡಿಯವನು "ಎಮಲ್ಷನ್ ಯಾವ ಬಣ್ಣ?" ಅಂದಾಗ ವಾಪಸ್ ಫೋನು ಮಾಡಿದೆ, ಅಕ್ಕ ಎತ್ತಲಿಲ್ಲ. ಅಕ್ಕ ಮದುವೆ ಊಟಗಳಿಗೆ ಐಸ್‌ಕ್ರೀಮು ಮಾಡಿಕೊಡಲು ಹೊರಟಿದ್ದಳಲ್ಲ, ಅಡುಗೆ ಕಂಟ್ರಾಕ್ಟರು ಮನೆಗೆ ಬಂದು ನೋಡುತ್ತಾರೆ, ಫ್ರೀಜರ್ ಇಟ್ಟಿರೋ ಕೋಣೆಗೆ ಬಿಳಿ ಹೊಡೆಸಬೇಕು ಅಂತ ಅವಳಿಗೆ ಹೊಳೆದಿರಬೇಕು ಅಂದುಕೊಂಡೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಬಂದಿದ್ದೆ.

ಆ ಡಬ್ಬ ದಂಡವಾಗಲಿಲ್ಲ, ಫ್ರೀಜರಿಗೆ ಹಾಕಿಕೊಂಡೆವು. ಬಣ್ಣವನ್ನು ಅವ್ವ ಕೊಟ್ಟಿಗೆ ಗೋಡೆಗೆ ಹೊಡೆಸಿದಳು. ಆದರೆ ಅವ್ವನ ಬಾಯಿ ಕಟ್ಟುವವರು ಯಾರು? ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಟೀ ಅಂಗಡಿಯಲ್ಲಿ ಒಬ್ಬ, "ಏನಪ್ಪಾ, ನಿಮ್ಮ ಐಸ್‌ಕ್ರೀಮು ಒಂದು ಕೋಟ್ ಸಾಕಾ, ಎರಡು ಹೊಡೀಬೇಕಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿ ಟೀ ಅರ್ಧಕ್ಕೇ ಬಿಟ್ಟು ಬಂದೆ.

ಅಕ್ಕ ಗಂಡನ ಮನೆ ಬಿಟ್ಟು ಬಂದವಳು. ಅವನು ಸರಿಯಿರಲಿಲ್ಲ, ಅಷ್ಟು ಸಾಕು. ಬಂದ ಮೇಲೆ ಮನೆಯಲ್ಲಿ ಯಾರೂ ಅವಳಿಗೆ ಒಂದು ಮಾತು ಅಂದವರಲ್ಲ. ಆದರೆ ಊರಲ್ಲಿ, "ತಮ್ಮನ ಮನೇಲಿ ಕೂತವ್ಳೆ" ಅನ್ನುತ್ತಿದ್ದರು. ಅವಳಿಗೆ ಆ 'ಕೂತವ್ಳೆ' ಅನ್ನುವ ಮಾತು ಆಗುತ್ತಿರಲಿಲ್ಲ. ಮುಚ್ಚಿದ ಅಂಗಡಿಯೊಂದರ ಹಳೇ ಫ್ರೀಜರ್ ಅಗ್ಗಕ್ಕೆ ಕೊಂಡಳು. ಮೊಬೈಲಿನಲ್ಲಿ ನೋಡಿ ನೋಡಿ ಐಸ್‌ಕ್ರೀಮು ಮಾಡಲು ಕಲಿತಳು. ಹಾಲು ನಮ್ಮದೇ ಎಮ್ಮೆಯದು. ರುಚಿ ಚೆನ್ನಾಗಿತ್ತು. ಒಂದೇ ತೊಂದರೆ, ಒಳಗೆ ಐಸು ಹರಳು ಹರಳಾಗಿ ಕಟ್ಟಿಕೊಂಡು ಬಾಯಿಗೆ ಮರಳು ಸಿಕ್ಕಿದ ಹಾಗಾಗುತ್ತಿತ್ತು. ಹೊರಗೆ ತೆಗೆದರೆ ಹಾಲೇ ಬೇರೆ ನೀರೇ ಬೇರೆ ಆಗಿ ಹರಿದು ಹೋಗುತ್ತಿತ್ತು.

ನಮ್ಮ ಕಡೆ ಮದುವೆ ಮುಂಜಿಗೆಲ್ಲ ಅಡುಗೆ ಮಾಡಿಸುವ ಕಂಟ್ರಾಕ್ಟರು ಒಬ್ಬರು ಬಂದು ರುಚಿ ನೋಡಿದ್ದರು. ಎರಡು ಚಮಚ ತಿಂದು ಬಟ್ಟಲು ಕೆಳಗಿಟ್ಟರು.

"ರುಚಿ ಕಂಪ್ನಿದಕ್ಕಿಂತ ಚೆನ್ನಾಗೈತೆ ಕಣವ್ವಾ. ಆದ್ರೆ ನಿಲ್ಲಲ್ವಲ್ಲ. ಬಡಿಸೋನು ಪಂಕ್ತಿ ಆ ತುದಿ ಮುಟ್ಟೋ ಹೊತ್ತಿಗೆ ಈ ತುದೀಲಿ ಪಾಯಸ ಆಗಿರ್ತದೆ."

"ಸರಿ ಮಾಡ್ತೀನಣ್ಣ. ಒಂದ್ಸಲ ಅವಕಾಶ ಕೊಡಿ."

"ಕಡೂರಲ್ಲಿ ಒಂದು ನಿಶ್ಚಿತಾರ್ಥ ಐತೆ. ಹೆಣ್ಣಿನೋರು ಸಖರಾಯಪಟ್ಟಣದ ದೊಡ್ಡ ಮನೆತನ. ಅದಕ್ಕೆ ಮಾಡ್ಕೊಡು. ಇಟ್ಟ ಕಡೆ ಇಟ್ಟಂಗೆ ನಿಲ್ತು ಅಂದ್ರೆ ಮುಂದೆ ನನ್ನ ಎಲ್ಲ ಊಟಕ್ಕೂ ನಿಂದೇ. ನಿಲ್ಲಲಿಲ್ಲ ಅಂದ್ರೆ ನನ್ನ ಕೇಳ್ಬೇಡ."

ಅಕ್ಕನಿಗೆ ಬೇಕಾಗಿದ್ದು ಅದೇ. ಸ್ಟೆಬಿಲೈಸರ್ರು, ಎಮಲ್ಸಿಫೈಯರ್ರು ಅಂದರೆ ಐಸ್‌ಕ್ರೀಮು ಕರಗದೆ ನಿಲ್ಲಲು ಹಾಕುವ ಎರಡು ಪುಡಿಯಂತೆ, ಅದಕ್ಕೇ ನನಗೆ ಫೋನು ಮಾಡಿದ್ದು.

ನಾನು ಬಣ್ಣ ತಂದ ಮಾರನೇ ದಿನ ನನ್ನನ್ನು ತರೀಕೆರೆಗೆ ಕಳಿಸಿದಳು. ಅಲ್ಲಿ ಬೇಕರಿ ಸಾಮಾನು ಮಾರುವ ಅಂಗಡಿ ಇದೆ. ಈ ಸಲ ಚೀಟಿಯಲ್ಲಿ ಬರೆದುಕೊಟ್ಟಳು. ಚೀಟಿ ನೋಡಿ ನನಗೆ ಇನ್ನೂ ಉರಿಯಿತು. ಚಿಕ್ಕ ಮಗುವಿಗೆ ಕೊಟ್ಟ ಹಾಗೆ.

ಅಂಗಡಿಯಲ್ಲಿ ಜನ ಇದ್ದರು. ಮನೆಯಲ್ಲಿ ಕೇಕು ಮಾಡಿ ಮಾರುವ ಹೆಂಗಸರು ಇಬ್ಬರು, ಅಚ್ಚು, ಬಣ್ಣ, ಕೇಕ್ ಜೆಲ್ ಅಂತ ಏನೇನೋ ಆರಿಸುತ್ತಿದ್ದರು. ಅಂಗಡಿಯವರು ವಯಸ್ಸಾದವರು, ಸಮಾಧಾನದ ಮನುಷ್ಯ. ಚೀಟಿ ನೋಡಿ ಎರಡು ದೊಡ್ಡ ಡಬ್ಬಿ ಇಳಿಸಿದರು. ಒಂದರಿಂದ ಬಿಳೀ ನುಣ್ಣನೆ ಪುಡಿ, ಇನ್ನೊಂದರಿಂದ ಮೇಣದ ಚೂರಿನ ಥರದ್ದು, ಅಳೆದು ಎರಡು ಪ್ಲಾಸ್ಟಿಕ್ ಕವರಿಗೆ ಹಾಕಿದರು.

"ಐಸ್‌ಕ್ರೀಮಿಗಾ? ನೋಡಪ್ಪಾ, ಈ ಪುಡಿ ನೀರು ಹಿಡ್ಕಳ್ಳತ್ತೆ. ಹರಳು ಕಟ್ಟಕ್ಕೆ ಬಿಡಲ್ಲ. ಇದು ಹಾಲು, ಕೊಬ್ಬು ಎರಡನ್ನೂ ಬಿಡದಂಗೆ..."

"ಗೊತ್ತು, ಕೊಡಿ" ಅಂದೆ.

"ಹಾಕೋ ರೀತಿ ಐತೆ. ಜಾಸ್ತಿ ಆದ್ರೆ..."

"ಗೊತ್ತು ಬಿಡಿ ಯಜಮಾನ್ರೇ. ಲೋಡ್ ಐತೆ, ಹೋಗ್ಬೇಕು."

ಅವರು ನನ್ನ ಮುಖ ನೋಡಿದರು. ಕವರಿನ ಬಾಯಿಗೆ ರಬ್ಬರ್ ಹಾಕಿ ಕೊಟ್ಟರು. ಕೇಕಿನ ಹೆಂಗಸರ ಮುಂದೆ ಇನ್ನೊಂದು ಸಲ ದಡ್ಡನಾಗುವುದಕ್ಕೆ ನನಗೆ ಇಷ್ಟ ಇರಲಿಲ್ಲ. ನಾನು ಆಚೆ ಬರುವಾಗ ಆ ಹೆಂಗಸರಲ್ಲಿ ಒಬ್ಬರು ಇನ್ನೊಂದು ಡಬ್ಬಿ ಹಿಡಿದು ಕೇಳುತ್ತಿದ್ದರು.

"ಅಣ್ಣ, ಈ ಜೆಲ್ಲಿ ಪುಡಿ ವೆಜ್ಜಾ, ನಾನ್‌ವೆಜ್ಜಾ?"

ನನಗೆ ನಗು ಬಂತು. ಪುಡಿಯಲ್ಲಿ ಎಂಥ ನಾನ್‌ವೆಜ್ಜು ಅಂದುಕೊಂಡು ಆಟೋ ಹತ್ತಿದೆ.

ಮನೆಗೆ ಬಂದ ಕೂಡಲೇ ಅಕ್ಕ ಕೇಳಿದಳು, "ಎಷ್ಟು ಹಾಕ್ಬೇಕಂತೆ?"

"ಲೀಟ್ರಿಗೆ ಒಂದೊಂದು ಚಮಚ."

ಬಾಯಿಗೆ ಬಂದಿದ್ದು ಹೇಳಿದೆ. ಯೋಚನೆ ಕೂಡ ಮಾಡಲಿಲ್ಲ.

"ಮೊಬೈಲಲ್ಲಿ ಇನ್ನೂ ಕಮ್ಮಿ ಹೇಳ್ತಾರೆ ಕಣೋ."

"ಅವ್ರು ಮೊಬೈಲಲ್ಲಿ ಹೇಳ್ತಾರೆ. ಇವ್ರು ಅಂಗಡಿಯೋರು ಹೇಳ್ಯವ್ರೆ."

ಅಕ್ಕ ನಂಬಿದಳು. ಹಾಲು ಕಾಯುತ್ತಿತ್ತು. ಅವ್ವ ನುಣ್ಣನೆ ಪುಡಿಯನ್ನು ತೆಗೆದುಕೊಂಡು ತಣ್ಣೀರಿಗೆ ಹಾಕಿ ಕಲಸಲು ಶುರು ಮಾಡಿದಳು. ನಮ್ಮ ಕಡೆ ಯಾವ ಹಿಟ್ಟೇ ಆಗಲಿ ಬಿಸಿಗೆ ನೇರ ಹಾಕುವುದಿಲ್ಲ. ರಾಗಿ ಅಂಬಲಿಗೆ ಹೇಗೆ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿ ಆಮೇಲೆ ಬಿಡುತ್ತೇವೋ ಹಾಗೆ. ಅಕ್ಕನ ಕೈಗೂ ಬಂದಿದ್ದು ಅದೇ ಪದ್ಧತಿ.

ಪುಡಿ ನೀರು ಮುಟ್ಟಿದ ಕೂಡಲೇ ಗಂಟಾಯಿತು. ಮೇಲೆ ಲೋಳೆ, ಒಳಗೆ ಒಣ ಪುಡಿ. ಅವ್ವ ಬೆರಳಲ್ಲಿ ಹಿಸುಕಿದರೆ ಜಾರಿ ಓಡುತ್ತಿತ್ತು. ಕಪ್ಪೆ ಮೊಟ್ಟೆ ಇದ್ದ ಹಾಗಿತ್ತು. ಎಷ್ಟು ತಿರುಗಿಸಿದರೂ ಒಡೆಯಲಿಲ್ಲ.

"ಥೂ! ರಾಗಿ ಹಿಟ್ಟು ಇದಕ್ಕಿಂತ ಮರ್ಯಾದಸ್ಥ ಕಣೋ" ಅಂದಳು ಅವ್ವ. "ಇದೇನ್ ತಂದಿದೀಯ? ಈಗ್ಲೂ ಬಣ್ಣದಂಗಡೀಗೇ ಹೋಗಿದ್ಯಾ?"

"ಹೇಳೋ, ಹೆಂಗೆ ಹಾಕ್ಬೇಕಂತೆ?" ಅಂದಳು ಅಕ್ಕ.

"ಹಿಂಗೇ" ಅಂದೆ. ಇನ್ನೇನು ಹೇಳಲಿ?

ಅದನ್ನು ಚೆಲ್ಲಿದಳು ಅಕ್ಕ. ಆಮೇಲೆ ಮೊಬೈಲು ತೆಗೆದು ಹಳೇ ವಿಡಿಯೋ ಮತ್ತೆ ಹಾಕಿ, ಮುಂದೆ ಹಿಂದೆ ಓಡಿಸಿ ನೋಡಿದಳು. ಪುಡಿಯನ್ನು ಒಣ ಸಕ್ಕರೆ ಜೊತೆ ಚೆನ್ನಾಗಿ ಬೆರೆಸಿ, ಸಕ್ಕರೆ ಉದುರಿಸಿದ ಹಾಗೆ ಉದುರಿಸುತ್ತಾ ಹಾಲು ತಿರುಗಿಸಬೇಕಂತೆ. ಹಾಗೇ ಮಾಡಿದಳು. ಒಂದು ಗಂಟೂ ಇಲ್ಲ. ಮೇಣದ ಥರದ್ದು ಬಿಸಿ ಹಾಲಿಗೆ ಹಾಕಿದ ಕೂಡಲೇ ಕರಗಿತು. ಅಳತೆ ಮಾತ್ರ ನಾನು ಹೇಳಿದ್ದೇ, ಲೀಟರಿಗೆ ಒಂದೊಂದು ಚಮಚ.

ಬೆಳಿಗ್ಗೆ ಫ್ರೀಜರ್ ಮುಚ್ಚಳ ತೆಗೆದಾಗ ನಾವು ಮೂವರೂ ಬಗ್ಗಿ ನೋಡಿದೆವು. ಬೆಳ್ಳಗೆ, ನುಣ್ಣಗೆ, ಸೌಟು ಒತ್ತಿದರೆ ಗುಂಡಗೆ ಎದ್ದು ಬರುತ್ತಿತ್ತು. ಹರಳು ಅನ್ನುವುದೇ ಇಲ್ಲ. ಸ್ವಲ್ಪ ಅಂಟಿನ ಹಾಗೆ ಎಳೆ ಬರುತ್ತಿತ್ತು, ಅದನ್ನು ನಾವು ಒಳ್ಳೇದೇ ಅಂದುಕೊಂಡೆವು. ಅಕ್ಕ ಮೊದಲ ಚಮಚ ನನ್ನ ಬಾಯಿಗೇ ಹಾಕಿದಳು.

"ಹೆಂಗೈತೆ?"

"ಕಂಪ್ನಿದು ಇದ್ದಂಗೈತೆ."

ಅವಳು ಅಷ್ಟು ಖುಷಿಯಾಗಿದ್ದನ್ನು ಅವಳ ಮದುವೆಯಾದ ಮೇಲೆ ನಾನು ನೋಡಿರಲಿಲ್ಲ.

ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸು, ಉಪ್ಪು ಹಾಕಿ ನನ್ನ ಆಟೋದಲ್ಲೇ ಕಡೂರಿಗೆ ತಂದೆವು. ಅಕ್ಕ ಒಳ್ಳೇ ಸೀರೆ ಉಟ್ಟಿದ್ದಳು. ಬೀರೂರು ದಾಟಿದ ಮೇಲೆ, "ಇವತ್ತು ಗೆದ್ರೆ ಬೋರ್ಡು ಬರೆಸ್ತೀನಿ ಕಣೋ" ಅಂದಳು. "ಬೋರ್ಡಲ್ಲಿ ಏನು ಬರೆಸ್ತೀಯ?" ಅಂದೆ. "ಮನೇಲೇ ಮಾಡಿದ್ದು ಅಂತ" ಅಂದಳು.

ಸಮುದಾಯ ಭವನದ ತುಂಬ ಜನ. ಊಟದ ಕೊನೆಯಲ್ಲಿ ಐಸ್‌ಕ್ರೀಮು. ಅಕ್ಕ ಬಟ್ಟಲಿಗೆ ಗುಂಡು ಹಾಕಿ ಕೊಡುತ್ತಿದ್ದಳು, ಬಡಿಸುವವರು ಒಯ್ಯುತ್ತಿದ್ದರು. ಸೆಖೆ ಅಂದರೆ ಸೆಖೆ. ಫ್ಯಾನು ಬಿಸಿಗಾಳಿ ಬೀಸುತ್ತಿತ್ತು. ಕಂಟ್ರಾಕ್ಟರು ಪಂಕ್ತಿಯ ಎರಡೂ ತುದಿ ನೋಡಿಕೊಂಡು ಬಂದು, "ನಿಂತೈತೆ ಕಣವ್ವಾ, ಕಲ್ಲು ನಿಂತಂಗೆ" ಅಂದರು. ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಗಂಡಿನ ಕಡೆಯ ಅಜ್ಜಿ ಒಬ್ಬರು ಮೊದಲ ಸಾಲಿನಲ್ಲಿದ್ದರು. ಹಣೆ ತುಂಬ ವಿಭೂತಿ. ಹೊರಗಿನ ಪದಾರ್ಥ ಬೇಗ ಮುಟ್ಟುವವರಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಮೊಸರನ್ನ ನಿಧಾನಕ್ಕೆ ಮುಗಿಸಿ, ನೀರು ಕುಡಿದು, ಬಟ್ಟಲು ಹತ್ತಿರ ಎಳೆದುಕೊಂಡರು. ಅಷ್ಟು ಹೊತ್ತಾದರೂ ಬಟ್ಟಲಲ್ಲಿ ಗುಂಡು ಹಾಗೇ ಕೂತಿತ್ತು. ಅಜ್ಜಿ ಚಮಚ ಹಾಕಿ ಎತ್ತಿದರು. ಹಿಂದೆ ಒಂದು ಎಳೆ ಬಂತು. ಮತ್ತೆ ಹಾಕಿ ಎತ್ತಿದರು. ಮತ್ತೆ ಎಳೆ.

"ಇದ್ಯಾಕೆ ಕರಗಾದೇ ಇಲ್ಲ?" ಅಂದರು, ಸ್ವಲ್ಪ ಜೋರಾಗಿಯೇ.

ಪಕ್ಕದ ಸಾಲಿನಿಂದ ಒಬ್ಬ, "ಸಿಮೆಂಟು ಹಾಕಿರ್ಬೇಕು ಅಜ್ಜಿ" ಅಂದ.

"ಮುಂದಿನ ವರ್ಷ ನಾಮಕರಣಕ್ಕೂ ಇದೇ ಬಟ್ಲು ಇಟ್ಕಬೋದು" ಅಂದ ಇನ್ನೊಬ್ಬ.

ನಕ್ಕರು. ಅಜ್ಜಿ ನಗಲಿಲ್ಲ.

"ಮೊಮ್ಮಗ ಮೊಬೈಲಲ್ಲಿ ತೋರ್ಸಿದ್ದ. ಮೂಳೆ ಬೇಯ್ಸಿ ಅಂಟು ತೆಗೀತಾರಂತೆ. ಅದನ್ನ ಇಂಥದ್ದಕ್ಕೆಲ್ಲ ಹಾಕ್ತಾರಂತೆ. ಎಳೆ ಬರ್ತದಂತೆ."

ಮೂಳೆ ಅನ್ನುವ ಮಾತು ಬಿದ್ದಿದ್ದೇ ತಡ, ಆ ಸಾಲಿನಲ್ಲಿ ಚಮಚಗಳೆಲ್ಲ ನಿಂತವು. ಒಬ್ಬ ಹೆಂಗಸು ಬಾಯಲ್ಲಿದ್ದುದನ್ನು ಎಲೆಗೆ ಉಗಿದಳು. ಮಾತು ಎರಡನೇ ಸಾಲಿಗೆ ಹೋಯಿತು, ಅಲ್ಲಿಂದ ಕೈ ತೊಳೆಯುವ ಜಾಗಕ್ಕೆ. ಅಲ್ಲಿದ್ದವರೆಲ್ಲ ಲಿಂಗ ಕಟ್ಟಿದವರು. ನಾವೂ ಅಷ್ಟೇ. ನಮ್ಮ ಜನಕ್ಕೆ ಅನುಮಾನ ಬಂದ ಮೇಲೆ ಒಂದು ತುತ್ತೂ ಒಳಗೆ ಇಳಿಯುವುದಿಲ್ಲ.

ಹೆಣ್ಣಿನ ತಂದೆ ನಮ್ಮ ಹತ್ತಿರ ಬಂದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಏನಿಲ್ಲ ಕಣವ್ವಾ, ಗಾಬರಿಯಾಗ್ಬೇಡಿ. ಏನೇನ್ ಹಾಕಿದೀರಿ ಅಂತ ಹೇಳ್ಬಿಡಿ. ನಾನು ಹೋಗಿ ಹೇಳ್ತೀನಿ. ಬೀಗರು ಅಲ್ವಾ..."

"ಹಾಲು, ಕೆನೆ, ಸಕ್ಕರೆ, ಏಲಕ್ಕಿ" ಅಂದಳು ಅಕ್ಕ. "ಎರಡು ಪುಡಿ ಹಾಕಿದೀವಿ. ಗಟ್ಟಿ ಬರಕ್ಕೆ."

"ಏನು ಪುಡಿ?"

ಅಕ್ಕ ನನ್ನ ಕಡೆ ತಿರುಗಿದಳು.

"ಹೇಳೋ. ಏತರದ್ದದು? ಅಂಗಡಿಯೋರು ಏನಂದ್ರು?"

ಸುತ್ತ ಜನ ಸೇರಿದ್ದರು. ಅಂಗಡಿಯ ಫೋನ್ ನಂಬರು ನನ್ನ ಹತ್ತಿರ ಇರಲಿಲ್ಲ. ಕವರಿನ ಮೇಲೆ ಏನೂ ಬರೆದಿರಲಿಲ್ಲ, ಬರೆದಿದ್ದರೂ ಇಂಗ್ಲಿಷಿನಲ್ಲಿ ಬರೆದಿರುತ್ತಿದ್ದರು, ನನಗೆ ಓದಲು ಬರುತ್ತಿರಲಿಲ್ಲ.

"ಅದು ಒಂಥರಾ... ಗಮ್ಮು" ಅಂದೆ. ಮೊಬೈಲಿನ ವಿಡಿಯೋದಲ್ಲಿ ಆ ಮಾತು ಕೇಳಿದ ನೆನಪಿತ್ತು.

"ಗಮ್ಮಾ? ಅಂಟ್ಸೋ ಗಮ್ಮಾ?"

"ಲಗ್ನಪತ್ರಿಕೆ ಅಂಟ್ಸಕ್ಕೆ ತಂದಿದ್ದು ಇರ್ಬೇಕು!"

ಗುಂಪಿನಲ್ಲಿ ಒಬ್ಬ ಹೆಂಗಸಿಗೆ ನನ್ನ ಮೇಲೆ ಕನಿಕರ ಬಂತು. ನಮ್ಮ ಅವ್ವನ ವಯಸ್ಸು. "ಯಾಕ್ರೋ ಹಂಗೆ ಆಡ್ಕತೀರಾ? ಬಾಣಂತಿಗೆ ಅಂಟಿನುಂಡೆ ಕೊಡಲ್ವಾ? ಮರದ ಅಂಟು. ಅಂಥದ್ದೇ ಇರ್ಬೇಕು. ಅಲ್ವೇನಪ್ಪಾ?" ಅಂದಳು.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಹೆಣ್ಣಿನ ತಂದೆ ಅದನ್ನೇ ಕಾಯುತ್ತಿದ್ದರು. ನಾನು ಬಾಯಿ ತೆಗೆದೆ. ಅಕ್ಕ ನನ್ನ ತೋಳು ಹಿಡಿದಳು.

"ನಿಂಗೆ ಗೊತ್ತೈತಾ, ಇಲ್ವಾ? ಅಷ್ಟು ಹೇಳು ಸಾಕು."

ಅವಳ ಮುಖ ನೋಡಲು ಆಗಲಿಲ್ಲ. ಥರ್ಮಾಕೋಲ್ ಪೆಟ್ಟಿಗೆ ನೋಡುತ್ತಾ, "ಇಲ್ಲ. ನಾನು ಕೇಳ್ಲಿಲ್ಲ" ಅಂದೆ.

"ಎಷ್ಟು ಹಾಕ್ಬೇಕು ಅಂತ?"

"ಅದ್ನೂ ಕೇಳ್ಲಿಲ್ಲ."

ಅಕ್ಕ ತೋಳು ಬಿಟ್ಟಳು. ಹೆಣ್ಣಿನ ತಂದೆಗೆ ಕೈಮುಗಿದಳು.

"ನಂಗೂ ಗೊತ್ತಿಲ್ಲ ಯಜಮಾನ್ರೇ. ಗೊತ್ತಿಲ್ದೇ ನಿಮ್ಮ ಬೀಗರಿಗೆ ಬಡಿಸ್ದೆ, ತಪ್ಪಾಯ್ತು. ಯಾರೂ ತಿನ್ನೋದು ಬೇಡ, ಎತ್ಕಂಡು ಹೋಗ್ತೀನಿ."

ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೇ ಸಾಲಿಗೆ ಹೋದಳು. ಒಂದೊಂದು ಎಲೆಯ ಮುಂದೆ ಬಗ್ಗಿ ಬಟ್ಟಲು ಎತ್ತಿದಳು. ಬಟ್ಟಲುಗಳಲ್ಲಿ ಗುಂಡು ಇನ್ನೂ ಗುಂಡಾಗಿಯೇ ಇತ್ತು. ಅಜ್ಜಿಯ ಬಟ್ಟಲು ಎತ್ತುವಾಗ ಅಜ್ಜಿ, "ಬೇಜಾರ್ ಮಾಡ್ಕಬೇಡ ಕಣವ್ವಾ" ಅಂದರು. "ಇಲ್ಲಜ್ಜಿ" ಅಂದಳು ಅಕ್ಕ. ನಾನು ಬಕೆಟ್ಟು ಹಿಡಿದುಕೊಂಡು ಅವಳ ಹಿಂದೆ ಹೋದೆ. ಜನ ನಮಗೆ ದಾರಿ ಬಿಟ್ಟರು. ಆ ದಾರಿ ಬಿಟ್ಟ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಂಜಲು ಎತ್ತುವವರಿಗೆ ಬಿಡುತ್ತಾರಲ್ಲ, ಹಾಗೆ.

ಕಂಟ್ರಾಕ್ಟರು ಅಷ್ಟರಲ್ಲಿ ಯಾರನ್ನೋ ಬೈಕಿನಲ್ಲಿ ಓಡಿಸಿ ಅಂಗಡಿಯಿಂದ ಕಪ್ ಐಸ್‌ಕ್ರೀಮು ತರಿಸಿದರು. ಎಲ್ಲರೂ ತಿಂದರು. ಅಜ್ಜಿ ಕಪ್ಪನ್ನು ತಿರುಗಿಸಿ, ಹಸಿರು ಚುಕ್ಕೆ ನೋಡಿ, ಆಮೇಲೆ ತಿಂದರು. ಅದು ಬೇಗನೇ ಕರಗಿತು. ಖಾಲಿ ಕಪ್ಪೊಂದು ನನ್ನ ಕಾಲ ಹತ್ತಿರ ಬಿದ್ದಿತ್ತು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಏನೇನೋ ಇತ್ತು. ಅಕ್ಕ ಎತ್ತಿ ನೋಡಿದಳು. ಅವಳಿಗೆ ಇಂಗ್ಲಿಷು ಓದಲು ಬರುತ್ತೆ.

"ಇದ್ರಲ್ಲೂ ಅದೇ ಎರಡು ಪುಡಿ ಐತೆ ಕಣೋ" ಅಂದಳು. ಕಪ್ಪು ಕೆಳಗಿಟ್ಟಳು. ವಾಪಸ್ ಬರುವಾಗ ನಾನು ರೇಡಿಯೋ ಹಾಕಲು ಹೋಗಿ ಕೈ ಹಿಂದಕ್ಕೆ ತೆಗೆದೆ.

ಮನೆಯಲ್ಲಿ ಅವ್ವ ಬಾಗಿಲಲ್ಲೇ ನಿಂತಿದ್ದಳು. ಪೆಟ್ಟಿಗೆ ತುಂಬಿರುವುದನ್ನು ನೋಡಿದಳು. ಯಾವತ್ತೂ ಸುಮ್ಮನಿರದ ಅವ್ವ ಆವತ್ತು ಸುಮ್ಮನಿದ್ದಳು. ಐಸ್‌ಕ್ರೀಮನ್ನು ಎಮ್ಮೆಗೆ ಇಟ್ಟೆವು. ಎಮ್ಮೆಯೂ ಮೂಸಿ ಬಿಟ್ಟಿತು. ಬೇರೆ ದಿನವಾಗಿದ್ದರೆ ಅದಕ್ಕೆ ನಗುತ್ತಿದ್ದೆವು.

ಮರುದಿನ ನಾನು ತರೀಕೆರೆಗೆ ಹೋದೆ. ಯಾರೂ ಹೋಗು ಅಂದಿರಲಿಲ್ಲ. ಅಂಗಡಿಯಲ್ಲಿ ಅದೇ ಯಜಮಾನರು. ನಾನು ಬಾಗಿಲಲ್ಲೇ ನಿಂತು ಕೇಳಿದೆ.

"ಆವತ್ತು ಕೊಟ್ರಲ್ಲ, ಆ ಪುಡಿ ಏತರಲ್ಲಿ ಮಾಡ್ತಾರೆ? ಅದ್ರಲ್ಲಿ ಮೂಳೆ ಗೀಳೆ ಇರ್ತದಾ?"

ಅವರು ಎರಡೂ ಡಬ್ಬಿ ಇಳಿಸಿ ನನ್ನ ಕಡೆ ತಿರುಗಿಸಿದರು. ಎರಡರ ಮೇಲೂ ಹಸಿರು ಚುಕ್ಕೆ. ಹಸಿರು ಚುಕ್ಕೆ ನೋಡಲು ಓದು ಬೇಕಾಗಿಲ್ಲ.

"ಇದು ಹತ್ತಿಯಿಂದ, ಮರದ ನಾರಿಂದ ಮಾಡೋದು. ಇದು ಎಣ್ಣೆದು. ಕೆಲವು ಕಡೆ ಪ್ರಾಣಿ ಕೊಬ್ಬಿಂದೂ ಮಾಡ್ತಾರೆ, ಆದ್ರೆ ಇದು ತಾಳೆ ಎಣ್ಣೆದು. ನಾನೂ ಮಡಿ ಮನುಷ್ಯನೇ ಕಣಪ್ಪಾ, ಬೇರೇದು ಇಡಲ್ಲ. ಮೂಳೆದು ಅಂದ್ಯಲ್ಲ, ಅದು ಜೆಲ್ಲಿಗೆ ಹಾಕೋ ಪುಡಿ, ಅದೇ ಬೇರೆ."

"ಎಷ್ಟು ಹಾಕ್ಬೇಕು?"

"ಲೀಟ್ರಿಗೆ ಕಾಲು ಚಮಚದ ಹತ್ರ. ಜಾಸ್ತಿ ಆದ್ರೆ ರಬ್ಬರ್ ಆಗ್ತದೆ. ಆವತ್ತೇ ಹೇಳಕ್ಕೆ ಬಂದ್ನಲ್ಲಪ್ಪಾ. ನೀನು ಕೇಳಿಸ್ಕಂಡ್ರೆ ತಾನೆ?"

ಡಬ್ಬಿಗಳ ಫೋಟೋ ಹೊಡೆದುಕೊಂಡೆ. ಮನೆಗೆ ಹೋಗಲಿಲ್ಲ. ನೇರ ಸಖರಾಯಪಟ್ಟಣಕ್ಕೆ, ಹೆಣ್ಣಿನ ಮನೆ ಹುಡುಕಿಕೊಂಡು ಹೋದೆ. ಅವರು ಕೂರಿಸಿದರು, ಕಾಫಿ ಕೊಟ್ಟರು. ಫೋಟೋ ತೋರಿಸಿದೆ. ಮೂಳೆ ಇರಲಿಲ್ಲ, ನಮ್ಮ ಅಕ್ಕ ಅಂಥದ್ದು ಮಾಡುವವಳಲ್ಲ, ಅಳತೆ ತಪ್ಪಿದ್ದು ನನ್ನಿಂದ ಅಂತ ಹೇಳಿದೆ. ಹೆಣ್ಣಿನ ತಂದೆ ಫೋಟೋ ನೋಡಿ ಫೋನು ವಾಪಸ್ ಕೊಟ್ಟರು.

"ಆಯ್ತು ಬಿಡಪ್ಪಾ. ಬೀಗರೂ ಏನೂ ಅನ್ಲಿಲ್ಲ. ನಿಮ್ಮಕ್ಕ ಅಷ್ಟು ಜನರೆದುರು ಗೊತ್ತಿಲ್ಲ ಅಂದ್ರಲ್ಲ, ಅದಕ್ಕೆ ಆ ಅಜ್ಜೀನೇ ಭೇಷ್ ಅಂದ್ರು."

"ಆ ಅಜ್ಜಿಗೆ ಇದನ್ನೊಂದ್ಸಲ ತೋರಿಸ್ತೀರಾ?"

"ಹೇಳ್ತೀನಿ" ಅಂದರು. ಹೇಳಿದರೋ ಇಲ್ಲವೋ ಗೊತ್ತಿಲ್ಲ.

ಕಂಟ್ರಾಕ್ಟರಿಗೂ ತೋರಿಸಿದೆ. ಅವರು ಪಾತ್ರೆ ಎಣಿಸುತ್ತಾ ನಿಂತಲ್ಲೇ ನೋಡಿದರು.

"ನೀನು ಹೇಳೋದು ಸರಿ ಇರ್ಬೋದು ಕಣೋ. ಆದ್ರೆ ನಾನು ಪ್ರತೀ ಮದ್ವೇಲೂ ನಿನ್ನ ಫೋಟೋ ಹಿಡ್ಕಂಡು ಎಲೆ ಎಲೆಗೂ ತೋರ್ಸಕ್ಕಾಗ್ತದಾ? ಒಂದ್ಸಲ ಆ ಮಾತು ಬಿತ್ತು ಅಂದ್ರೆ ಬಿತ್ತು."

ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಫೋಟೋ ದೊಡ್ಡದು ಮಾಡಿ ಡಬ್ಬಿಯ ಮೇಲಿನದನ್ನೆಲ್ಲ ಓದಿದಳು. ಎರಡು ಸಲ ಓದಿದಳು.

"ಕಾಲು ಚಮಚ" ಅಂದಳು.

"ಹ್ಞೂ."

"ಎಷ್ಟು ಚೆನ್ನಾಗಿ ಬಂದಿರೋದು."

ಅಷ್ಟೇ ಅಂದಿದ್ದು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ, ಜಗಳವಾಗಿ ಹಗುರಾಗುತ್ತಿತ್ತು. ಅವಳು ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದಳು.

ಆಮೇಲೆ ಒಂದು ಸಲ ಕಾಲು ಚಮಚ ಹಾಕಿ ಮನೆ ಮಟ್ಟಿಗೆ ಮಾಡಿದಳು. ಬಹಳ ಚೆನ್ನಾಗಿತ್ತು. ಅಕ್ಕಪಕ್ಕದವರಿಗೆ ಕೊಟ್ಟು ಕಳಿಸಿದಳು. ಕೆಲವರು ತೆಗೆದುಕೊಂಡರು. ಕೆಲವರು, "ಈಗ ಶೀತ ಕಣವ್ವಾ, ಬೇಡ" ಅಂದರು. ಬೇಸಿಗೆಯಲ್ಲಿ ಎಲ್ಲರಿಗೂ ಒಟ್ಟಿಗೇ ಶೀತ ಆಗಿತ್ತು.

ಈಗ ಅಕ್ಕ ಅದೇ ಕಂಟ್ರಾಕ್ಟರ ಹತ್ತಿರ ಹೋಳಿಗೆ ತಟ್ಟಲು ಹೋಗುತ್ತಾಳೆ. ನಾಲ್ಕು ಜನ ಹೆಂಗಸರ ಜೊತೆ ಭವನದ ಹಿಂದೆ, ಒಲೆ ಮುಂದೆ ಕೂತು ತಟ್ಟಬೇಕು. ಕೂತವ್ಳೆ ಅಂತ ಈಗ ಯಾರೂ ಅನ್ನುವುದಿಲ್ಲ. ಆದರೆ ಅವಳಿಗೆ ಬೇಕಾಗಿದ್ದ ಕೆಲಸ ಇದಲ್ಲ. ನಾನೇ ಆಟೋದಲ್ಲಿ ಬಿಟ್ಟು ಬರುತ್ತೇನೆ. ಕೆಲವು ಸಲ ಕಂಪನಿ ಐಸ್‌ಕ್ರೀಮಿನ ಡಬ್ಬಗಳೂ ಅದೇ ಟ್ರಿಪ್ಪಿನಲ್ಲಿ ಬರುತ್ತವೆ, ಅವಳ ಪಕ್ಕದಲ್ಲೇ. ಅವುಗಳನ್ನು ಇಳಿಸಲು ನನಗೆ ಅವಳೇ ಕೈ ಕೊಡುತ್ತಾಳೆ. ನನಗೆ ಅವಳ ಮುಖ ನೋಡಲು ನಾಚಿಕೆ.